ಕೊನೆಯ ಪುಟದಿಂದ ಓದುವ ಅನುಮಾನದಕ್ಕ

ಬೆಳಗಿನ ಐದೂಮುಕ್ಕಾಲು. ವಿಮಾನದಿಂದ ಇಳಿದ, ಹಾಲಿನ ಕ್ಯಾನಿನಂಥ ಡಬ್ಬಿಯೊಂದು ಸರಕು ಕೊಠಡಿಯ ಮೇಜಿನ ಮೇಲಿದೆ. ಒಳಗೆ ಕೊರೆಯುವ ಥಂಡಿಯಲ್ಲಿ ಹಸುವಿನ ಇಪ್ಪತ್ತನಾಲ್ಕು ಭ್ರೂಣಗಳು. ತಪಾಸಣೆಯ ಗುಮಾಸ್ತೆ ಡಬ್ಬಿಯ ಸೀಲನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಆಮೇಲೆ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಗುರುತಿನ ಚೀಟಿ ಕೇಳುತ್ತಾರೆ. ಗೇಟಿನಲ್ಲಿ ತೋರಿಸಿದ್ದೇನೆ ಎಂದರೆ, "ಗೇಟಿನವರು ನೋಡಿದ್ದು ಗೇಟಿಗಾಯ್ತು. ನನಗೂ ತೋರ್ಸಿ" ಎನ್ನುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಇವರು ಅನುಮಾನದಕ್ಕ. ಹತ್ತೊಂಬತ್ತು ವರ್ಷದ ನೌಕರಿ, ದಿನಕ್ಕೆ ಏಳೆಂಟು ಕಡತ, ಒಂದೊಂದಕ್ಕೂ ನಲವತ್ತು ಪುಟ. ಓದುವುದು ಮಾತ್ರ ಕೊನೆಯ ಪುಟದಿಂದ ಮೊದಲಿಗೆ. "ಮುಂದಿನಿಂದ ಓದಿದ್ರೆ ಅವರು ಹೇಳಿದ ಕಥೇನೇ ನಂಬಿಬಿಡ್ತೀವಿ. ನಮ್ಮ ಮನೆಯವರು ಆಡ್ಕೋತಾರೆ, ಇವಳು ಮದುವೆ ಪತ್ರಿಕೇನೂ ಹಿಂದಿನಿಂದ ಓದ್ತಾಳೆ ಅಂತ."

ಇವತ್ತಿನ ಡಬ್ಬಿ ಬಂದಿರುವುದು ಕಾಲುಬಾಯಿ ಜ್ವರವಿರುವ ಸೀಮೆಯಿಂದ. ಅದರ ಪರವಾನಗಿಗೆ ಷರತ್ತು ಒಂದಿದೆ. ಭ್ರೂಣ ತೆಗೆದ ಮೇಲೆ ತಾಯಿಹಸುವಿನ ರಕ್ತವನ್ನು ಮತ್ತೆ ಪರೀಕ್ಷಿಸಬೇಕು. ರೋಗವಿಲ್ಲವೆಂಬ ವರದಿ ಬಂದ ನಂತರವೇ ಅಲ್ಲಿನ ಪಶುವೈದ್ಯರು ಸಹಿ ಹಾಕಬೇಕು. ತರಿಸಿಕೊಂಡವರ ಏಜೆಂಟನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಫಾರ್ಮಿನಲ್ಲಿ ಇಪ್ಪತ್ತನಾಲ್ಕು ಹಸುಗಳಿಗೆ ಚುಚ್ಚುಮದ್ದು ಕೊಟ್ಟು ಸಿದ್ಧ ಮಾಡಿದ್ದಾರೆ, ಸಂಜೆಯೊಳಗೆ ಅವುಗಳ ಗರ್ಭಕ್ಕೆ ಭ್ರೂಣ ಸೇರಿಸದಿದ್ದರೆ ಅಷ್ಟೂ ವ್ಯರ್ಥ. "ನಮ್ಮ ಮೇಲೇ ಯಾಕೆ ಸಾರ್ ಈ ಕಣ್ಣು? ಏನೋ ಇದೆ" ಎಂದು ನನ್ನ ಕಿವಿಯಲ್ಲಿ ಉಸುರುತ್ತಾನೆ. ಸುಳ್ಳೇಕೆ ಹೇಳಲಿ, ಆ ಅನುಮಾನ ನನಗೂ ಅಂಟಿಕೊಳ್ಳುತ್ತದೆ. ಇಷ್ಟು ಕೆದಕುವವರು ಲಂಚಗಿಂಚ ನಿರೀಕ್ಷಿಸುತ್ತಿರಬಹುದಲ್ಲ?

ಮೂವತ್ತೊಂದನೇ ಪುಟದಲ್ಲಿ ಬೆರಳು ನಿಲ್ಲುತ್ತದೆ. ರಕ್ತದ ವರದಿ ಬಂದದ್ದು ಹದಿನಾಲ್ಕನೇ ತಾರೀಖು. ವೈದ್ಯರ ಸಹಿ ಹನ್ನೊಂದರದು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲ್ಸಿದಾರೆ."

"ವರದಿಯಲ್ಲಿ ರೋಗ ಇಲ್ಲ ಅಂತಾನೇ ಇದೆಯಲ್ಲ ಅಕ್ಕಾ. ಮೂರು ದಿನಕ್ಕೆ ಇಷ್ಟು ರಂಪಾನಾ?"

"ಹನ್ನೊಂದಕ್ಕೆ ಏನು ನೋಡಿ ಸಹಿ ಹಾಕಿದ್ರಪ್ಪಾ? ರೋಗ ಇದೆ ಅಂತ ವರದಿ ಬಂದಿದ್ರೂ ಇದೇ ಸಹಿ ಇರ್ತಿತ್ತು."

ತಡೆಯ ಮುದ್ರೆ ಬೀಳುತ್ತದೆ. ಏಜೆಂಟ್ ಫೋನು ಕಿವಿಗಿಟ್ಟು, ಗೊಣಗುತ್ತಾ ಹೊರಗೆ ಹೋಗುತ್ತಾನೆ.

ಚಹಾ ಕುಡಿಯುವಾಗ ಅಕ್ಕ ಹಳೆಯದನ್ನು ಬಿಚ್ಚುತ್ತಾರೆ. ಕೆಲಸಕ್ಕೆ ಸೇರಿದ ವರ್ಷ, ಗೊತ್ತಿರುವ ವೈದ್ಯರ ಸಹಿಯೆಂದು ಕಣ್ಣುಮುಚ್ಚಿ ಒಂದು ಡಬ್ಬಿ ಬಿಟ್ಟಿದ್ದರು. ಎರಡೇ ತಿಂಗಳಲ್ಲಿ, ಅದು ಹೋದ ಕೊಟ್ಟಿಗೆಯ ಏಳು ಹಸುಗಳಿಗೆ ಬಾಯಿಹುಣ್ಣು. ಕಾರಣ ಆ ಡಬ್ಬಿಯೋ ಬೇರೆಯೋ, ಪತ್ತೆಯಾಗಲಿಲ್ಲ. ಯಾರೂ ಬೈಯಲೂ ಇಲ್ಲ. ಇವರೇ ಹೋಗಿ ನೋಡಿ ಬಂದರು. "ಮುಂದೆ ಮೇವಿದ್ರೂ ಬಾಯಿ ಹಾಕೋಕಾಗ್ದೆ ನಿಂತಿತ್ತು ಒಂದು ಹಸು. ನನ್ನನ್ನೇ ನೋಡ್ತಿತ್ತು. ಅದಕ್ಕೆ ಏನಂತ ಹೇಳ್ಲಿ?"

ನನ್ನ ಅನುಮಾನಕ್ಕೆ ನನಗೇ ನಾಚಿಕೆಯಾಗುತ್ತದೆ. ಇವತ್ತಿನ ಡಬ್ಬಿಯಲ್ಲಿ ನಿಜಕ್ಕೂ ರೋಗ ಇತ್ತೇ ಎಂದು ಕೇಳುತ್ತೇನೆ. ಅಕ್ಕ ಮುಂದಿನ ಕಡತವನ್ನು ಬೋರಲು ಹಾಕಿಕೊಳ್ಳುತ್ತಾರೆ.

"ಯಾರಿಗೆ ಗೊತ್ತು? ನಾನು ತಡೆದಿದ್ರಲ್ಲಿ ಏನಿತ್ತು ಅಂತ ಹತ್ತೊಂಬತ್ತು ವರ್ಷದಿಂದ ಗೊತ್ತಾಗಿಲ್ಲ. ಬಿಟ್ಟು, ಕೊಟ್ಟಿಗೇಲಿ ರೋಗ ಬಂದ್ರೆ ತಾನೇ ಗೊತ್ತಾಗೋದು? ಗೊತ್ತಾಗ್ದೇ ಇರ್ಲಿ ಅನ್ನೋದೇ ನನ್ನಾಸೆ."