ಒಗೆಯದ ಗೋಣಿಚೀಲ

ಮೂರು ವಾರಕ್ಕೊಮ್ಮೆ ನಮ್ಮ ಯಜಮಾನರಿಗೆ ನೈಟ್ ಶಿಫ್ಟ್ ಬರುತ್ತಿತ್ತು. ರಾತ್ರಿ ಒಂಬತ್ತೂವರೆಗೆ ಕಂಪನಿ ಬಸ್ಸು ಬಂದು ಇವರನ್ನು ಕರೆದುಕೊಂಡು ಹೋದರೆ, ಬೆಳಿಗ್ಗೆ ಏಳೂವರೆತನಕ ಆ ಮಹಡಿ ಮನೆಯಲ್ಲಿ ನಾನೊಬ್ಬಳೇ. ಎರಡು ಸಾವಿರದ ಮೂರನೇ ಇಸವಿಯೋ ನಾಲ್ಕೋ ಇರಬೇಕು. ಗಡಿಯ ಆಚೆ, ತಮಿಳು ಕಡೆಯ ಅವಲಪಲ್ಲಿಯಲ್ಲಿ ನಮ್ಮ ಬೀದಿ ಮುಗಿಯುತ್ತಿದ್ದ ಹಾಗೇ ಹುರುಳಿ ಹೊಲ ಶುರುವಾಗುತ್ತಿತ್ತು. ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಟ್ಯೂಬ್‌ಲೈಟ್ ಉರಿಸಿಕೊಂಡೇ ಮಲಗುತ್ತಿದ್ದೆ. ಮಲಗುವುದು ಅಂದರೆ ಫ್ಯಾನಿನ ರೆಕ್ಕೆಗೆ ಹತ್ತಿದ ಧೂಳನ್ನು ನೋಡುತ್ತಾ ಬಿದ್ದಿರುವುದು.

ಇದನ್ನು ಇವರಿಗೆ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿಳಿದು ಬರುವಾಗ, ಬಿಸಿಲು ಬಂದರೂ ಕಿಟಕಿಯಲ್ಲಿ ದೀಪ ಉರಿಯುತ್ತಿರುವುದನ್ನು ಅವರೇ ಕಂಡುಹಿಡಿದರು; ಬಾಗಿಲಿಗೆ ಒತ್ತಿಟ್ಟ ಕುರ್ಚಿ ಎಳೆಯುವ ಸದ್ದೂ ಅವರಿಗೆ ಕೇಳಿಸಿತು. ಬೈಯಲಿಲ್ಲ. "ಅಷ್ಟೊಂದು ಭಯ ಆದ್ರೆ ನೈಟ್ ಶಿಫ್ಟ್ ವಾರ ಮಾಲೂರಿಗೆ ಹೋಗ್ಬಿಡು, ನಿಮ್ಮಮ್ಮನ ಹತ್ರ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಪರದೆಗಳ ಅಂಚನ್ನು ನಾನೇ ಕೂತು ಹೊಲಿದ ಮನೆ ಅದು. ಮೂರು ವಾರಕ್ಕೊಮ್ಮೆ ಬ್ಯಾಗು ಹಿಡಿದು ಹೊರಟರೆ ಅದು ನನ್ನ ಮನೆ ಹೇಗಾದೀತು?

"ಒಂದು ನಾಯಿ ಸಾಕೋಣ" ಅಂದೆ.

ದಿನಾ ತಳಿ ಎಂಬ ಹತ್ತಿರದ ಊರಿನಿಂದ ಮೊದಲ ಬಸ್ಸಿಗೆ ಹೂವು ತರುತ್ತಿದ್ದ ಅಜ್ಜಿಯೊಬ್ಬರಿದ್ದರು. ಅವರ ದನದ ಕೊಟ್ಟಿಗೆಯಲ್ಲಿ ನಾಯಿ ಮರಿ ಹಾಕಿತ್ತು. ಒಂದು ಭಾನುವಾರ ಕನಕಾಂಬರದ ಬುಟ್ಟಿಯಲ್ಲೇ ಬಾಳೆಲೆ ಹೊದಿಸಿ ಒಂದನ್ನು ತಂದುಕೊಟ್ಟರು. ಬೆಲ್ಲದ ಬಣ್ಣ, ಮುಂದಿನ ಎಡಗಾಲಿನ ಬೆರಳು ಮಾತ್ರ ಸುಣ್ಣಕ್ಕೆ ಅದ್ದಿದಂತೆ ಬೆಳ್ಳಗೆ. ಹೂವಿನ ದಾರದ ತುಂಡೊಂದು ಬಾಲಕ್ಕೆ ಸುತ್ತಿಕೊಂಡಿತ್ತು.

ಮಲಗಿಸಲು ಪೆಟ್ಟಿಗೆಯನ್ನು ಮೊದಲೇ ಸಿದ್ಧ ಮಾಡಿದ್ದೆವು. ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕವೊಂದರಲ್ಲಿ, ಮರಿಗೆ ರಾತ್ರಿ ಹೊತ್ತು ತನ್ನದೇ ಪುಟ್ಟ ಪೆಟ್ಟಿಗೆ ಇರಬೇಕು, ಅದನ್ನು ಅದು ಮನೆ ಅಂದುಕೊಳ್ಳುತ್ತದೆ, ಹೊಲಸು ಮಾಡುವುದಿಲ್ಲ ಎಂದು ಓದಿದ್ದೆ. ಇವರು ಗೇಟ್‌ಪಾಸ್ ಬರೆಸಿಕೊಂಡು ಫ್ಯಾಕ್ಟರಿಯಿಂದ ಮೆಷಿನ್ ಬಂದಿದ್ದ ಮರದ ಪ್ಯಾಕಿಂಗ್ ಪೆಟ್ಟಿಗೆ ತಂದು, ಮುಂದಕ್ಕೆ ಕೋಳಿಗೂಡಿನ ಜಾಲರಿಯ ಬಾಗಿಲು ಹಾಕಿದರು. ಪಕ್ಕದಲ್ಲಿ ಕಪ್ಪು ಬಣ್ಣದ ಒಡೆದ ಗ್ಲಾಸಿನ ಚಿತ್ರ ಹಾಗೇ ಉಳಿದಿತ್ತು, ಜೋಪಾನ ಎನ್ನುವಂತೆ.

ಸೋಮವಾರ ನೈಟ್ ಶಿಫ್ಟ್ ಶುರು. ಬಸ್ಸು ಹೋಯಿತು, ಮರಿಯನ್ನು ಅಡುಗೆಮನೆಯಲ್ಲಿ ಪೆಟ್ಟಿಗೆಯೊಳಗೆ ಬಿಟ್ಟೆ. ಹತ್ತು ನಿಮಿಷ ಸುಮ್ಮನಿತ್ತು. ಆಮೇಲೆ ಶುರು ಮಾಡಿತು ನೋಡಿ, ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿಟ್ಟುಕೊಂಡಿತ್ತೋ. ಎತ್ತಿಕೊಂಡರೆ ಸುಮ್ಮನೆ, ಇಳಿಸಿದರೆ ಮತ್ತೆ. ಮೂರು ಗಂಟೆತನಕ ತೋಳಲ್ಲಿ ಹಾಕಿಕೊಂಡು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ನಡೆದೆ.

ಮಂಗಳವಾರ ಪುಸ್ತಕದ ಇನ್ನೊಂದು ಉಪಾಯ ಮಾಡಿದೆ. ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರೆ, ಅದರ ಟಿಕ್ ಟಿಕ್ ಮರಿಗೆ ತಾಯಿಯ ಎದೆಬಡಿತದಂತೆ ಕೇಳುತ್ತದಂತೆ. ಮನೆಯಲ್ಲಿದ್ದದ್ದು ಇವರ ಅಲಾರಂ ಗಡಿಯಾರ. ಅತ್ತೂ ಅತ್ತೂ ಮರಿ ಮೂರೂವರೆಗೆ ಕಣ್ಣು ಮುಚ್ಚಿತು. ಫಸ್ಟ್ ಶಿಫ್ಟಿಗೆಂದು ಹಿಂದಿನ ವಾರ ನಾಲ್ಕೂವರೆಗೆ ಇಟ್ಟ ಅಲಾರಂ ತೆಗೆದಿರಲಿಲ್ಲ. ಪೆಟ್ಟಿಗೆಯೊಳಗೆ ಅದು ಹೊಡೆದುಕೊಂಡಾಗ ಮರಿ ಊಳಿಟ್ಟದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

ಕೆಳಗಿನ ಮನೆಯಲ್ಲಿ ಮನೆಯ ಓನರಮ್ಮ ಇದ್ದರು. ಬುಧವಾರ ಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ ಮಾತಾಡುತ್ತಿದ್ದರು.

"ಏನ್ಮಾ, ನಮ್ಮ ಮನೆಯವ್ರು ಐದು ಗಂಟೆ ಬಸ್ಸಿಗೆ ಹೋಗ್ಬೇಕು. ಎರಡು ದಿನದಿಂದ ನಿದ್ದೆ ಇಲ್ಲ. ಇವತ್ತು ಲುಂಗಿ ಮೇಲೇನೇ ಶೂ ಹಾಕ್ಕೊಂಡು ನಿಂತಿದ್ರು."

ನಗು ಬಂತು. ನಗಲಿಲ್ಲ.

"ಶನಿವಾರ ತನಕ ನೋಡ್ತೀನಿ. ಆಮೇಲೂ ಅತ್ರೆ ಹೂವಿನಜ್ಜಿ ಹತ್ರಾನೇ ಕಳ್ಸಿಬಿಡು. ತಪ್ಪು ತಿಳ್ಕೋಬೇಡ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮರಿ ತಳಿಗೆ ಹೋದರೆ ನಾನು ಮಾಲೂರಿಗೆ. ಅಷ್ಟು ನನಗೆ ಖಚಿತವಾಗಿ ಗೊತ್ತಿತ್ತು. ಆ ದಿನ ಪೆಟ್ಟಿಗೆಯನ್ನು ಇನ್ನೂ ಹೆಚ್ಚು ಉಜ್ಜಿದೆ. ದಿನಾ ಬೆಳಿಗ್ಗೆ ಅದನ್ನು ಫಿನಾಯಿಲ್ ಹಾಕಿ ತೊಳೆದು, ಒಳಗಿನ ಬೆಡ್‌ಶೀಟನ್ನು ಸೋಪು ಹಾಕಿ ಒಗೆದು, ಬಿಸಿಲಿಗೆ ಹಾಕಿ, ಮಡಿಕೆ ಬಾರದ ಹಾಗೆ ಹಾಸುತ್ತಿದ್ದೆ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಶನಿವಾರ ಶನಿವಾರ ಸಿಸ್ಟರುಗಳು ಉಗುರು, ಕಾಲರು, ದಿಂಬಿನ ಕವರು ನೋಡುತ್ತಿದ್ದರು; ಹತ್ತು ವರ್ಷ ಒಂದು ಸಲವೂ ನನ್ನ ಕೈಗೆ ಸ್ಕೇಲಿನ ಏಟು ಬಿದ್ದಿರಲಿಲ್ಲ. ಮರಿಗೂ ಅಷ್ಟೇ ಶುಚಿಯಾದ ಹಾಸಿಗೆ ಕೊಡುತ್ತಿದ್ದೇನೆಂಬ ಹೆಮ್ಮೆ ನನಗೆ. ಬುಧವಾರ ರಾತ್ರಿಯೂ ಅದು ಅತ್ತಿತು.

ಗುರುವಾರ ಹೂವು ಅಳೆಯುತ್ತಾ ಅಜ್ಜಿ ನನ್ನ ಮುಖ ನೋಡಿದರು.

"ಏನವ್ವಾ, ಕಣ್ಣು ಅಂಗೆ ಕೆಂಪ್ಗಾಗವೆ?"

"ಮರಿ ಮಲಗ್ತಾನೇ ಇಲ್ಲ ಅಜ್ಜಿ. ಶನಿವಾರ ನಿಮ್ಮ ಹತ್ರಾನೇ ವಾಪಸ್ ಬರುತ್ತೇನೋ."

ಅಜ್ಜಿ ಬುಟ್ಟಿ ಮೆಟ್ಟಿಲ ಮೇಲಿಟ್ಟು ಒಳಗೆ ಬಂದರು. ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಲೆಯನ್ನೇ ಒಳಕ್ಕೆ ಹಾಕಿ ಮೂಸಿದರು. ಆಚೆ ತೆಗೆದು ಸೆರಗಿನಿಂದ ಮೂಗು ಒರೆಸಿಕೊಂಡರು.

"ಇದೇನವ್ವಾ, ಆಸ್ಪತ್ರೆ ನಾತ. ನಿನ್ನೇ ಇದ್ರಾಗೆ ಹಾಕಿ ಬಾಗ್ಲು ಹಾಕಿದ್ರೆ ನೀನು ಮನೀಕಂತೀಯಾ?"

"ದಿನಾ ತೊಳೀತೀನಿ ಅಜ್ಜಿ."

"ಅದ್ಕೇ ಮತ್ತೆ. ರಾತ್ರಿಯೆಲ್ಲಾ ಅತ್ತು ಅತ್ತು ಒಂಚೂರು ತನ್ನ ವಾಸ್ನೆ ಹತ್ತಿಸ್ಕಂಡಿರ್ತದೆ. ಬೆಳಿಗ್ಗೆ ನೀನು ಒಗೆದು ಹಾಕ್ತೀಯ. ಅದಕ್ಕೆ ದಿನಾ ಹೊಸ ಮನೆ. ಓದಿದೋಳು ಬೇರೆ."

ಮೂರು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಅದರ ಮನೆ ಕೆಡವಿದ್ದವಳು ನಾನೇ.

ಶುಕ್ರವಾರ ಅಜ್ಜಿ ಒಂದು ಗೋಣಿಚೀಲ ತಂದರು. ಕೊಟ್ಟಿಗೆಯಲ್ಲಿ ಮರಿಯ ತಾಯಿ ಮಲಗುವ ಚೀಲ. ರಾಗಿ ಹೊಟ್ಟು, ಕಂದು ಕೂದಲು, ಸಗಣಿ, ಹಳಸಿದ ಹಾಲು ಎಲ್ಲ ಸೇರಿದ ವಾಸನೆ. ಎರಡು ಬೆರಳಲ್ಲಿ ಹಿಡಿದುಕೊಂಡೆ.

"ಒದರಬ್ಯಾಡ" ಅಂದರು ಅಜ್ಜಿ. "ಮೇಲ್ಗಡೆ ನೀನು ಉಟ್ಟುಬಿಟ್ಟ ಸೀರೆ ಹಾಕು, ಒಗೆದಿದ್ದಲ್ಲ. ಪೆಟ್ಗೆನ ಅಡುಗೆಮನೇಲಿ ಇಕ್ಕಬ್ಯಾಡ, ನಿನ್ನ ಹಾಸ್ಗೆ ಪಕ್ಕ ಇಕ್ಕು. ಕುಯ್ ಅಂದ್ರೆ ಎತ್ಕಬ್ಯಾಡ, ದೀಪಾನೂ ಹಾಕಬ್ಯಾಡ. ಬೆರಳು ಕೊಡು, ಸಾಕು."

ದೀಪ ಹಾಕಬಾರದು ಅಂದದ್ದೇ ನನಗೆ ಕಷ್ಟವಾದ ಮಾತು.

ಆ ರಾತ್ರಿ ಬಸ್ಸು ಹೋದ ಮೇಲೆ ಮರಿಯನ್ನು ಟೆರೇಸಿಗೆ ಕರೆದೊಯ್ದು ಉಚ್ಚೆ ಮಾಡಿಸಿದೆ. ಪೆಟ್ಟಿಗೆಯ ಬಾಗಿಲು ತೆರೆದಿಟ್ಟು ಕಾದೆ. ಮರಿ ಮೂಗು ಚಾಚಿತು, ಒಂದು ಹೆಜ್ಜೆ ಇಟ್ಟಿತು, ನಿಂತಿತು. ಮತ್ತೆ ಒಂದೇ ಸಮನೆ ಮೂಸುತ್ತಾ ಗೋಣಿಯ ಮೂಲೆಗೆ ಹೋಗಿ ಅಲ್ಲಿ ಮೂತಿ ತೂರಿಸಿತು. ಮೂರು ಸುತ್ತು ಸುತ್ತಿ ದೊಪ್ಪನೆ ಬಿತ್ತು. ನಾನಾಗಿ ಎತ್ತಿ ಒಳಗೆ ಹಾಕದೆ ಅದು ಪೆಟ್ಟಿಗೆಗೆ ಹೋದದ್ದು ಅದೇ ಮೊದಲು. ಜಾಲರಿ ಮುಚ್ಚಿ ಟ್ಯೂಬ್‌ಲೈಟ್ ಆರಿಸಿದೆ.

ಕತ್ತಲೆ. ಹುರುಳಿ ಹೊಲದ ಕಡೆಯಿಂದ ಏನೋ ಸರಸರ. ಎದ್ದು ಸ್ವಿಚ್ಚಿನ ತನಕ ಹೋದೆ, ಅಜ್ಜಿಯ ಮಾತು ನೆನಪಾಗಿ ವಾಪಸ್ ಬಂದೆ. ಎಷ್ಟು ಹೊತ್ತಾಗಿತ್ತೋ, ಮರಿ ಕುಯ್ ಅಂದಿತು. ಕೆಳಗೆ ಓನರಮ್ಮ ಮಗ್ಗುಲು ಬದಲಿಸಿದ್ದು ನನಗೆ ಕೇಳಿಸಿದಂತಾಯಿತು. ಎತ್ತಿಕೊಳ್ಳಲಿಲ್ಲ. ಕೈ ಚಾಚಿ ಜಾಲರಿಯ ಸಂದಿನಲ್ಲಿ ಎರಡು ಬೆರಳು ತೂರಿಸಿದೆ. ಒದ್ದೆ ಮೂಗು ತಾಗಿತು. ಮರಿ ಬೆರಳನ್ನು ನೆಕ್ಕಿತು, ಬಾಯಲ್ಲಿಟ್ಟುಕೊಂಡು ಚೀಪಿತು, ಚೀಪುತ್ತಾ ಚೀಪುತ್ತಾ ನಿಧಾನವಾಯಿತು. ಅದರ ಉಸಿರು ಬಿಸಿಬಿಸಿಯಾಗಿ ಬೆರಳ ಮೇಲೆ ಬಂದು ಹೋಗುತ್ತಿತ್ತು.

ಕಣ್ಣು ಬಿಟ್ಟಾಗ ಹಾಲಿನವನ ಸೈಕಲ್ ಹಾರನ್ ಕೇಳುತ್ತಿತ್ತು. ಬೆರಳಿನ ಮೇಲೆ ಜಾಲರಿಯ ಷಟ್ಕೋನದ ಗುರುತು. ಕಿಟಕಿ ಬೆಳ್ಳಗಾಗಿತ್ತು.

ಏಳೂಕಾಲು ದಾಟಿದ ಮೇಲೆ ಓನರಮ್ಮ ಬಾಗಿಲು ತಟ್ಟಿದರು. ಮುಖ ಸಪ್ಪಗಿತ್ತು.

"ಕಳ್ಸಿಬಿಟ್ಯಾಮ್ಮಾ? ಶನಿವಾರ ತನಕ ಅಂದಿದ್ನಲ್ಲ, ನಿನ್ನೇನೇ ಯಾಕೆ ಕಳ್ಸಿದೆ? ಪಾಪ, ಚಿಕ್ಕ ಮರಿ."

ನಾನು ಕೋಣೆಯ ಪರದೆ ಸರಿಸಿ ತೋರಿಸಿದೆ. ಮರಿ ಹೊಟ್ಟೆ ಮೇಲೆ ಮಾಡಿ, ನಾಲ್ಕೂ ಕಾಲು ಗಾಳಿಗೆ ಬಿಟ್ಟು ಮಲಗಿತ್ತು. ಓನರಮ್ಮ ಬಗ್ಗಿದರು, ತಟ್ಟನೆ ಹಿಂದೆ ಸರಿದರು.

"ಏನ್ಮಾ ಇದು ನಾತ."

"ಹೌದಮ್ಮ, ಇದೆ" ಅಂದೆ. ನನ್ನ ಮನೆಯಲ್ಲಿ ನಾತವಿದೆ ಎಂದು ಜೀವಮಾನದಲ್ಲಿ ಅಷ್ಟು ಹಿಗ್ಗಿನಿಂದ ಒಪ್ಪಿಕೊಂಡದ್ದಿಲ್ಲ. "ಸದ್ಯಕ್ಕೆ ಒಗೆಯೋ ಹಾಗಿಲ್ಲ."

ಅವರು ಮರಿಯನ್ನೂ ನನ್ನನ್ನೂ ನೋಡಿ, "ಹೋಗ್ಲಿ, ಮೂಗಿಗೆ ಕಷ್ಟ ಆದ್ರೂ ಕಿವಿಗೆ ಆರಾಮ" ಎಂದು ನಕ್ಕು ಇಳಿದು ಹೋದರು. ಮೆಟ್ಟಿಲಲ್ಲಿ ಇವರು ಎದುರಾದರು. ಒಳಗೆ ಬಂದವರು ಮೊದಲು ಟ್ಯೂಬ್‌ಲೈಟ್ ನೋಡಿದರು, ಆಮೇಲೆ ಬಾಗಿಲ ಹತ್ತಿರ ಇಲ್ಲದ ಕುರ್ಚಿಯನ್ನು ಹುಡುಕಿದರು. ಅದು ಊಟದ ಮೇಜಿನ ಹತ್ತಿರ ಇದ್ದಲ್ಲೇ ಇತ್ತು.

"ರಾತ್ರಿ ಎಷ್ಟು ಸಲ ಅಳ್ತು?"

"ಒಂದು ಸಲ."

"ಆಮೇಲೆ?"

"ಆಮೇಲೆ ಗೊತ್ತಿಲ್ಲ ರೀ. ನಾನು ಮಲಗಿಬಿಟ್ಟಿದ್ದೆ."