ಹೊಗಳಿದ ಹುಂಜ

ಆ ಹುಂಜವನ್ನು ನಾನು ಎರಡು ಸಲ ಭೇಟಿಯಾದೆ. ಮೊದಲ ಸಲ ಅದು ಹೊಳಲಿನ ಶಿವಣ್ಣನ ಮನೆಯ ಹಿತ್ತಲಲ್ಲಿ, ಮೋಟುಗೋಡೆಯ ಮೇಲೆ ನಿಂತಿತ್ತು. ಎರಡನೆಯ ಸಲ ನನ್ನ ತಟ್ಟೆಯಲ್ಲಿತ್ತು, ಮುದ್ದೆಯ ಪಕ್ಕ.

ಗೋಡೆಯಿಂದ ತಟ್ಟೆಗೆ ಅದು ಬಂದದ್ದು ನನ್ನ ಬಾಯಿಂದಾಗಿ. (ತಿಂದ ಬಾಯಿಯ ಬಗ್ಗೆ ಹೇಳುತ್ತಿಲ್ಲ. ಆಡಿದ ಬಾಯಿಯ ಬಗ್ಗೆ.)

ಮಂಡ್ಯದ ನಮ್ಮ ಮನೆಯ ಹಿಂದೆ ಒಂದು ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಮಿಕ್ಕಿದ್ದು ಖಾಲಿ ಜಾಗ. ಅಲ್ಲಿ ನಾಲ್ಕು ಕೋಳಿ ಸಾಕೋಣ ಎಂದು ಗಂಡ ಹೆಂಡತಿ ತೀರ್ಮಾನಿಸಿದೆವು. ಅಲ್ಲಿಯ ತನಕ ಜಗಳವಿರಲಿಲ್ಲ. ಯಾವ ಕೋಳಿ ಎಂದ ಕೂಡಲೇ ಶುರುವಾಯಿತು.

ನನ್ನ ಗಂಡ ವಿಡಿಯೊ ನೋಡದೆ ಹಲ್ಲೂ ಉಜ್ಜುವವರಲ್ಲ. ರಾತ್ರಿ ಊಟಕ್ಕೆ ಕೂತರೆ ಫೋನಿನಲ್ಲಿ ಕೋಳಿ ಕೂಗುತ್ತಿತ್ತು. ಗಿರಿರಾಜ ಬೇಗ ಮೈ ತುಂಬಿಕೊಳ್ಳುತ್ತದೆ, ಮೊಟ್ಟೆಯೂ ಜಾಸ್ತಿ, ಆದರೆ ಕಾವಿಗೆ ಕೂರುವುದಿಲ್ಲ. ಕಡಕ್‌ನಾಥ್ ಪುಕ್ಕದಿಂದ ಮೂಳೆಯವರೆಗೂ ಕಪ್ಪು. ಅದನ್ನು ಸಾಕಿದವರೆಲ್ಲ ಔಷಧಿ ಅಂಗಡಿಯವರ ಥರ ಮಾತಾಡುತ್ತಾರೆ. ಕಾಳಗದ ಜಾತಿಯ ಅಸೀಲ್ ನೋಡಲು ಗಂಭೀರ, ಆದರೆ ಅಕ್ಕಪಕ್ಕದವರ ಮೇಲೆಲ್ಲ ಕೇಸು ಹಾಕುವ ಸ್ವಭಾವ.

"ಸುಮ್ಮನೆ ನಾಟಿ ಕೋಳಿ ಸಾಕೋಣ" ಎಂದೆ.

"ನಾಟಿ ಅಂತ ಒಂದು ಜಾತಿನೇ ಇಲ್ಲ. ಅದು ಎಲ್ಲ ಬೆರೆತಿದ್ದು."

"ನಾವೇನು ಬೆರೆತಿಲ್ವಾ?"

ಅವರು ವಿಡಿಯೊ ಮುಂದಕ್ಕೆ ಓಡಿಸಿದರು.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಬೋಳುಕತ್ತಿನ ಕೋಳಿ. ನೋಡಿರುತ್ತೀರಿ. ಮೈತುಂಬ ಪುಕ್ಕ, ಕತ್ತು ಮಾತ್ರ ಬೋಳು, ಕೆಂಪಗೆ. ಕೋಟು ಹಾಕಿಕೊಂಡು ಷರಟು ಮರೆತವರ ಹಾಗೆ.

ಯಾಕೆ ಅದೇ? ಇಲ್ಲಿ ಸ್ವಲ್ಪ ಹುಷಾರಾಗಿ ಬರೆಯಬೇಕು. ಹಿಂದೊಮ್ಮೆ ಇದೇ ಅಂಕಣದಲ್ಲಿ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿದ್ದ ಬೋಳುಕತ್ತಿನ ಕೋಳಿಯ ಬಗ್ಗೆ ಬರೆದಿದ್ದೆ. ಅದು ನನ್ನ ಹಿಂದೆಯೇ ಶಾಲೆಯ ತನಕ ಬರುತ್ತಿತ್ತು, ಇತ್ಯಾದಿ. ನಿಮ್ಮಲ್ಲಿ ಕೆಲವರು ಕಣ್ಣಲ್ಲಿ ನೀರು ಬಂತು ಎಂದಿರಿ. ನಮ್ಮಕ್ಕ ಮಾತ್ರ ಫೋನ್ ಮಾಡಿದಳು. "ನಮ್ಮನೇಲಿ ಕೋಳಿನೇ ಇರ್ಲಿಲ್ವಲ್ಲೇ. ಅದು ಎದುರುಮನೆಯೋರ್ದು. ನಿನ್ನ ಹಿಂದೆ ಬರ್ತಿರ್ಲಿಲ್ಲ, ಅಟ್ಟಿಸ್ಕೊಂಡು ಬರ್ತಿತ್ತು."

ಅಂದಿನಿಂದ ನನ್ನ ನೆನಪುಗಳಿಗೆ ನಾನೇ ಸಾಕ್ಷಿ ಕೇಳುತ್ತೇನೆ. ಆಸೆ ಮಾತ್ರ ಹೋಗಲಿಲ್ಲ. ನೆನಪು ಸುಳ್ಳಾದರೆ ಅದರ ಹಿಂದೆ ಬಂದ ಆಸೆಯೂ ಸುಳ್ಳಾಗಬೇಕು ಎಂದೇನಿದೆ?

ಹೊಳಲಿನ ಶಿವಣ್ಣ ನಮ್ಮ ದೊಡ್ಡಮ್ಮನ ಮಗ. ಅವನ ಹೆಂಡತಿ ಜಯಮ್ಮ ಅತ್ತಿಗೆ. ಯುಗಾದಿಗೆ ಮುಂಚೆ ಒಂದು ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋದಾಗ ಗೋಡೆಯ ಮೇಲೆ ಆ ಹುಂಜ ಕಂಡಿತು. ಕೆಂಪು ಮೈ, ಹಸಿರು ಮಿಂಚುವ ಬಾಲ, ಬೋಳುಕತ್ತು.

"ಕೆರಗೋಡಿನ ನಮ್ಮಪ್ಪನ ಮನೇದು ಕಣಮ್ಮ" ಎಂದರು ಅತ್ತಿಗೆ. "ನಮ್ಮವ್ವ ಸಾಕ್ಕೊಂಡು ಬಂದ ಕುಲ. ಅಲ್ಲಿ ಕೊಕ್ಕರೆ ರೋಗ ಬಂದು ಒಂದೂ ಉಳೀಲಿಲ್ಲ. ಇಲ್ಲಿದ್ದ ಬೋಳುಕತ್ತಿನ ಹೇಟೆ ನಾಯಿ ಪಾಲಾಯ್ತು. ಈಗ ಇವ್ನೊಬ್ನೇ."

ಹೇಟೆಗಳು, ಅಂದರೆ ಹೆಣ್ಣು ಕೋಳಿಗಳು, ಇನ್ನೂ ಮೂರಿದ್ದವು, ಎಲ್ಲ ಸಾಧಾರಣ ಕತ್ತಿನವು. ಅವುಗಳ ಮೊಟ್ಟೆ ಕೊಡಿ, ಮರಿ ಮಾಡಿಸಿಕೊಳ್ಳುತ್ತೇನೆ ಎಂದೆ. ಅತ್ತಿಗೆಗೆ ಖುಷಿಯಾಯಿತು. ತವರಿನ ಕುಲ ಇನ್ನೊಂದು ಮನೆಯಲ್ಲೂ ಬೆಳೆಯಲಿ ಎಂಬ ಆಸೆ. "ಈಗಿರೋವು ಹಬ್ಬಕ್ಕೆ ಎತ್ತಿಟ್ಟಿವ್ನಿ. ಹಬ್ಬ ಕಳೀಲಿ, ಕೂಡಿಟ್ಟು ಕೊಡ್ತೀನಿ" ಎಂದರು.

ಅಲ್ಲಿಗೆ ಎದ್ದು ಬರಬಹುದಿತ್ತು. ಬರಲಿಲ್ಲ. ಅಷ್ಟರಲ್ಲಿ ಗದ್ದೆಯಿಂದ ಬಂದ ಶಿವಣ್ಣನ ಮುಂದೆ ಹುಂಜವನ್ನು ಹೊಗಳಿದೆ.

ಏನೆಂದು ಹೊಗಳಿದೆ? ನನ್ನ ಪ್ರಕಾರ, "ಎಷ್ಟು ಚೆನ್ನಾಗಿದೆ ಅಣ್ಣ ಈ ಹುಂಜ" ಎಂದಷ್ಟೇ. ನನ್ನ ಗಂಡನ ಪ್ರಕಾರ, "ಎಂಥಾ ಮೈಕಟ್ಟು!" ಎಂದೂ ಸೇರಿಸಿದೆ. ಶಿವಣ್ಣನ ಪ್ರಕಾರ, ಅದರ ತೊಡೆಯನ್ನೇ ನೋಡುತ್ತ ಎಂಜಲು ನುಂಗಿದೆ. (ಯಾರ ನೆನಪನ್ನೂ ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.)

ಒಂದಂತೂ ಖಂಡಿತ. ನಮ್ಮ ಸೀಮೆಯಲ್ಲಿ ಮನೆಮಗಳು ತವರಿನ ಹಸುವನ್ನು ಹೊಗಳಬಹುದು, ಹಲಸಿನ ಮರವನ್ನು ಹೊಗಳಬಹುದು. ಹಬ್ಬ ಹತ್ತಿರವಿರುವಾಗ ಹುಂಜವನ್ನು ಹೊಗಳಬಾರದು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ಇದನ್ನು ಯಾರಾದರೂ ಹೇಳಿಕೊಡಬೇಕಿತ್ತೇ?

ಯುಗಾದಿಯ ಮಾರನೆಯ ದಿನ ಹೊಸತೊಡಕು. ಒಬ್ಬಟ್ಟಿನ ಪಾತ್ರೆ ತೊಳೆದಿಟ್ಟು ಬಾಡಿನ ಪಾತ್ರೆ ಒಲೆಗೇರುವ ದಿನ. ಶಿವಣ್ಣ ಫೋನ್ ಮಾಡಿ ಕರೆದ. ಹೋದೆವು. ಬಿಸಿ ಮುದ್ದೆ, ಗಟ್ಟಿ ಸಾರು, ಬೇಯಿಸಿದ ಮೊಟ್ಟೆ.

"ಲೇ, ಮನೆ ಮಗಳು ಬಂದವ್ಳೆ, ಕೈ ಬಿಗಿ ಹಿಡೀಬ್ಯಾಡ" ಎಂದು ಹೆಂಡತಿಗೆ ಹೇಳಿ, ಸೌಟು ತಾನೇ ಕಸಿದುಕೊಂಡು ನನ್ನ ತಟ್ಟೆಗೆ ತೊಡೆ ಹಾಕಿದ. "ಎಂಗದವ್ವ ಸಾರು?"

"ಇಂಥ ಸಾರು ತಿಂದೇ ಇರಲಿಲ್ಲ ಅಣ್ಣ" ಎಂದೆ. (ನೋಡಿ, ಮತ್ತೆ ಹೊಗಳಿದೆ.)

ಕೈ ತೊಳೆಯಲು ಹಿತ್ತಲಿಗೆ ಹೋದವಳು ಮೋಟುಗೋಡೆ ನೋಡಿದೆ. ಖಾಲಿ. ಅತ್ತಿಗೆ ಕಲ್ಲಿನ ಮೇಲೆ ತಟ್ಟೆ ಉಜ್ಜುತ್ತಿದ್ದರು.

"ಅತ್ತಿಗೆ, ಹುಂಜ ಎಲ್ಲಿ?"

ಅವರು ತಲೆ ಎತ್ತಲಿಲ್ಲ. "ಈಗ್ಲೇ ಉಂಡ್ಯಲ್ಲಮ್ಮ."

ಬಾಯಲ್ಲಿ ಇನ್ನೂ ಮಸಾಲೆಯ ರುಚಿ ಇತ್ತು. ಒಳ್ಳೆಯ ರುಚಿ. ಅದನ್ನು ಸುಳ್ಳೆಂದು ಹೇಳಲಾರೆ.

ಶಿವಣ್ಣ ಎಲೆ ಅಡಿಕೆ ಮೆಲ್ಲುತ್ತ ಬಂದ. ಅವನನ್ನು ಕೇಳಿದೆ. ಅವನಿಗೆ ಆಶ್ಚರ್ಯ. "ನೀನೇ ಅಲ್ವೇನವ್ವ ಅವತ್ತು ಬುಟ್ಟ ಕಣ್ಣು ಬುಟ್ಟಂಗೆ ನೋಡ್ತಿದ್ದೋಳು? ನೀನು ಬತ್ತೀಯ ಅಂತ್ಲೇ ಕುಯ್ದಿದ್ದು."

"ನಾನು ಮೊಟ್ಟೆಗೋಸ್ಕರ ಬಂದಿದ್ದು ಅಣ್ಣ!"

"ಮೊಟ್ಟೆನೂ ಇಕ್ಕುದ್ವಲ್ಲ. ಎಲ್ಡು ತಿಂದೆ."

ಅವನ ಲೆಕ್ಕದಲ್ಲಿ ತಪ್ಪೇನಿದೆ? ಅತ್ತಿಗೆಯ ಕಡೆ ತಿರುಗಿದೆ. "ನೀವಾದರೂ ಬೇಡ ಅನ್ನಬಾರದಿತ್ತಾ?"

"ಎಂಗನ್ಲಮ್ಮ? ನಾದ್ನಿಗೆ ಒಂದು ಕೋಳಿ ಕುಯ್ಯಕ್ಕೆ ಇವ್ಳಿಗೆ ಮನ್ಸು ಬರ್ಲಿಲ್ಲ ಅಂತ ಅನ್ನುಸ್ಕೊಳ್ಳಕ್ಕಾ? ಇವ್ರು ಹುಂಜ ಇಡ್ಕೊಂಡು ಓದ್ರು. ನಾನು ಒಲೆ ಮುಂದೆ ಕೂತೆ. ಅಷ್ಟೇ."

ಅತ್ತಿಗೆ ಅಂದು ಸಾರು ಬಡಿಸಿಕೊಂಡಿರಲಿಲ್ಲ, ಮೊಸರನ್ನ ಕಲಸಿಕೊಂಡಿದ್ದರು ಎಂಬುದು ನನಗೆ ಆಮೇಲೆ ಹೊಳೆಯಿತು. (ಹೊಳೆಯಿತೋ, ಬರೆಯುವಾಗ ಸೇರಿಸಿಕೊಂಡೆನೋ. ನನ್ನನ್ನು ಕೇಳಬೇಡಿ.)

ಊರಲ್ಲಿ ಇನ್ನೊಂದು ಬೋಳುಕತ್ತಿನ ಹುಂಜ ಇದೆಯೇ? ಇರಲಿಲ್ಲ. ಹೊಸತೊಡಕಿನ ಸಂಜೆ ನಮ್ಮ ಕಡೆಯ ಊರುಗಳಲ್ಲಿ ಯಾವ ಕತ್ತಿನ ಹುಂಜವೂ ಸುಲಭಕ್ಕೆ ಸಿಗುವುದಿಲ್ಲ. ಎಲ್ಲೆಡೆ ಹೇಟೆಗಳು ಮಾತ್ರ ಓಡಾಡುತ್ತಿರುತ್ತವೆ, ಗಂಡಸರೆಲ್ಲ ದಂಡಿಗೆ ಹೋದ ಊರಿನ ಹಾಗೆ.

ಆಗ ನನ್ನ ಗಂಡ ಫೋನ್ ತೆಗೆದರು. ಮೊದಲ ಸಲ ಅದರಿಂದ ಉಪಕಾರವಾಯಿತು. ಹುಂಜ ಹೋದ ಮೇಲೂ ಒಂದು ವಾರ, ಕೆಲವೊಮ್ಮೆ ಇನ್ನೂ ನಾಲ್ಕು ದಿನ, ಹೇಟೆ ಇಡುವ ಮೊಟ್ಟೆಯಲ್ಲಿ ಜೀವ ಇರಬಹುದಂತೆ.

"ಬುಡಿ ಬಾವ" ಎಂದ ಶಿವಣ್ಣ. "ಸಾರಾದೋನು ಅಪ್ಪ ಆದಾನಾ?"

ಅತ್ತಿಗೆ ತಟ್ಟೆ ಕೆಳಗಿಟ್ಟರು. "ಸುಮ್ಕಿರಿ ನೀವು. ಕುಯ್ಯದು ಬುಟ್ಟು ಇನ್ನೇನು ಗೊತ್ತು ನಿಮ್ಗೆ?" ಮೂರು ಹೇಟೆಗಳನ್ನೂ ಒಂದೊಂದಾಗಿ ನೋಡಿದರು. ಸಾಲ ವಸೂಲಿಗೆ ಬಂದವರು ನೋಡುವ ಹಾಗೆ.

ಇನ್ನೊಂದು ತೊಡಕು. ಮೂರರಲ್ಲಿ ಯಾವುದೂ ಕಾವಿಗೆ ಕೂತಿರಲಿಲ್ಲ. ಪಕ್ಕದ ಮನೆಯಲ್ಲಿ ಕೂತಿದ್ದ ಕೋಳಿಯ ಹೊಟ್ಟೆಯಡಿ ಆಗಲೇ ಜಾಗ ಭರ್ತಿ. ಆಗ ನೆನಪಾದದ್ದು ಮದ್ದೂರಿನ ನಯಾಜ್. ಸ್ಕೂಟರ್ ಮೆಕ್ಯಾನಿಕ್. ಗ್ಯಾರೇಜಿನ ಹಿಂದೆ, ಕೆಟ್ಟ ಫ್ರಿಜ್ಜಿನೊಳಗೆ ಬಲ್ಬು, ಫ್ಯಾನು ಕೂರಿಸಿ ಇನ್‌ಕ್ಯುಬೇಟರ್ ಮಾಡಿಕೊಂಡವರು. ಗಿರಿರಾಜ ಮರಿಗಾಗಿ ನನ್ನ ಗಂಡ ಅವರ ಸ್ನೇಹ ಬೆಳೆಸಿದ್ದರು.

ಒಂದು ವಾರದ ನಂತರ ಅತ್ತಿಗೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಕೈಯಲ್ಲಿ ಸ್ಟೀಲ್ ಡಬ್ಬ, ಡಬ್ಬದ ತುಂಬ ರಾಗಿ, ರಾಗಿಯೊಳಗೆ ಮೊಟ್ಟೆ. ಮದ್ದೂರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತರು. ಪ್ರತಿಯೊಂದು ರಸ್ತೆಯುಬ್ಬಿಗೂ ಡ್ರೈವರನಿಗೆ ಒಂದು ಬೈಗುಳ.

"ಅವ್ನ ಎಂಡ್ತಿ ಬಸುರಿ ಆಗಿರ್ಲಿಲ್ವಾ ಯಾವತ್ತೂ? ಇಂಗಾ ಓಡ್ಸೋದು?"

ನಯಾಜ್ ಕೈಯ ಗ್ರೀಸು ಒರೆಸಿಕೊಂಡು, ಸೋಪು ಹಾಕಿ ತೊಳೆದುಕೊಂಡು ಬಂದು ಫ್ರಿಜ್ಜಿನ ಬಾಗಿಲು ತೆಗೆದರು. ಅತ್ತಿಗೆಗೆ ನಂಬಿಕೆ ಬರಲಿಲ್ಲ.

"ಈ ಪೆಟ್ಗೆ ತಾಯಿ ಆಯ್ತದಾ?"

"ತಾಯಿ ಮೇವಿಗೆ ಏಳಬೇಕು ಅಮ್ಮ. ಇದು ಏಳೋದೇ ಇಲ್ಲ."

"ಕರೆಂಟು ಓದ್ರೆ?"

"ಬ್ಯಾಟ್ರಿ ಐತೆ."

"ಬ್ಯಾಟ್ರಿ ಓದ್ರೆ?"

"ಅರೆ, ನಾನೇ ಕೂತ್ಕೋತೀನಿ ಬಿಡಿ!"

ಅತ್ತಿಗೆ ನಕ್ಕರು. ಹೊಸತೊಡಕಿನ ನಂತರ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮೊಟ್ಟೆಗಳನ್ನು ರಾಗಿಯಿಂದ ಒಂದೊಂದಾಗಿ ಬಿಡಿಸಿ, ಸೆರಗಿನಲ್ಲಿ ಒರೆಸಿ ಕೊಟ್ಟರು.

ಕೆಲವು ದಿನ ಬಿಟ್ಟು ನಯಾಜ್ ಫೋನ್. ಮೊಟ್ಟೆಗಳಿಗೆ ಟಾರ್ಚ್ ಹಿಡಿದು ನೋಡಿದರಂತೆ. "ಮೇಡಂ, ಅರ್ಧ ಖಾಲಿ. ಇನ್ನರ್ಧದಲ್ಲಿ ಕೆಂಪು ನರ ಕಾಣ್ತಾ ಐತೆ. ಜೀವ ಐತೆ."

ಹೊಳಲಿಗೆ ಫೋನ್ ಮಾಡಿ ತಿಳಿಸಿದೆ. ಅತ್ತಿಗೆ ಕೇಳಿದರು: "ಕತ್ತು ಕಾಣ್ತದಾ?"

ಈ ಪ್ರಶ್ನೆಯನ್ನು ನಯಾಜರಿಗೆ ದಾಟಿಸಿದೆ. "ಅಮ್ಮಂಗೆ ಹೇಳಿ, ಮೊಟ್ಟೆ ಒಳಗೆ ಎಲ್ರೂ ಬೋಳೇ."

ಅಪ್ಪ ಬೋಳುಕತ್ತಿನವನಾದರೆ ಮಕ್ಕಳೆಲ್ಲ ಬೋಳುಕತ್ತಿನವರೇ ಆಗಬೇಕೆಂದಿಲ್ಲ. ಕೆಲವು ಅಪ್ಪನ ಹಾಗೆ, ಕೆಲವು ತಾಯಿಯ ಹಾಗೆ. ಎಲ್ಲ ತಾಯಿಯ ಹಾಗೇ ಬಂದರೆ? ಕೆರಗೋಡಿನ ಆ ಕುಲ ನನ್ನ ಊಟಕ್ಕೇ ಮುಗಿಯಿತು ಎಂದರ್ಥ. ಮೂರು ವಾರ ಈ ಯೋಚನೆ ಇಟ್ಟುಕೊಂಡು ಓಡಾಡಿದೆ. ಮುಚ್ಚಿಡುವುದೇಕೆ: ಅಷ್ಟರಲ್ಲಿ ಇನ್ನೊಂದು ಕಡೆ ಕೋಳಿ ಸಾರು ತಿಂದೆ ಕೂಡ.

ಮರಿ ಬಿರಿಯುವ ದಿನ ಅತ್ತಿಗೆ ಬೆಳಿಗ್ಗೆಯೇ ಬಂದರು. ನಾವು ಮದ್ದೂರು ಮುಟ್ಟುವ ಹೊತ್ತಿಗೆ ಮೂರು ಮರಿ ಹೊರಬಂದು, ಒಣಗಿ, ಹತ್ತಿಯುಂಡೆಗಳಂತೆ ಕೂತಿದ್ದವು. ಅತ್ತಿಗೆ ಒಂದೊಂದನ್ನೂ ಎತ್ತಿ ಬೆರಳಿನಿಂದ ಕತ್ತು ಸವರಿದರು. ಪುಕ್ಕ. ಪುಕ್ಕ. ಪುಕ್ಕ.

ನಾಲ್ಕನೆಯದು ಅರ್ಧ ಚಿಪ್ಪಿನಲ್ಲಿತ್ತು. ಒದ್ದಾಡಿ ಹೊರಬಿತ್ತು. ಮೈಯೆಲ್ಲ ಒದ್ದೆ. ಕತ್ತು ಬೋಳು!

"ಬಂತು ಅತ್ತಿಗೆ!" ಎಂದು ಕೂಗಿದೆ.

"ತಡಿರಿ ಮೇಡಂ" ಎಂದರು ನಯಾಜ್. "ಒದ್ದೆ ಇದ್ದಾಗ ಎಲ್ಲ ಹಂಗೇ ಕಾಣ್ತಾವೆ."

ಕಾದೆವು. ಗ್ಯಾರೇಜಿನ ಮುಂದೆ ಯಾರದೋ ಸ್ಕೂಟರಿಗೆ ಬ್ರೇಕ್ ಕಟ್ಟಬೇಕಿತ್ತು, ನಯಾಜ್ ಹೋಗಿ ಕಟ್ಟಿ ಬಂದರು. ಟೀ ತರಿಸಿದರು. ಅತ್ತಿಗೆಯ ಟೀ ಕೆನೆಗಟ್ಟಿತು. ಬಲ್ಬಿನ ಕೆಳಗೆ ಮರಿ ಒಣಗುತ್ತ ಬಂತು. ಮೊದಲು ಬೆನ್ನು ಉಬ್ಬಿತು. ಆಮೇಲೆ ತಲೆ. ಆಮೇಲೆ ಹೊಟ್ಟೆ. ಕತ್ತಿನ ಮುಂದೆ ಒಂದು ಚಿಕ್ಕ ಕುಚ್ಚು ಬಿಟ್ಟರೆ ಮಿಕ್ಕಿದ್ದೆಲ್ಲ ಹಾಗೇ ಉಳಿಯಿತು. ಬೋಳು.

ಅತ್ತಿಗೆ ಟೀ ಲೋಟ ಎತ್ತಿಕೊಂಡು, ಆರಿದ್ದನ್ನೇ ಒಂದೇ ಗುಟುಕಿಗೆ ಕುಡಿದರು. "ನಮ್ಮವ್ವನ ಕೋಳಿ" ಎಂದರು. ಅಷ್ಟೇ.

ಮರಿಯ ಫೋಟೊವನ್ನು ಅಕ್ಕನಿಗೆ ಕಳಿಸಿದೆ. "ಎದುರುಮನೆ ಕೋಳಿ ಹೀಗೇ ಇತ್ತಲ್ವಾ?" ತಕ್ಷಣ ಉತ್ತರ ಬಂತು. "ಇಲ್ಲ ಕಣೇ. ಅದು ಬಿಳೀದು. ಕತ್ತು ತುಂಬ ಪುಕ್ಕ." ಹಾಗಾದರೆ ಈ ಬೋಳುಕತ್ತನ್ನು ನಾನು ಎಲ್ಲಿಂದ ತಂದು ನನ್ನ ಬಾಲ್ಯಕ್ಕೆ ಅಂಟಿಸಿದೆ? ಗೊತ್ತಿಲ್ಲ. ಮರಿಗೂ ಗೊತ್ತಿಲ್ಲ, ಅದಕ್ಕೆ ಬೇಕೂ ಇಲ್ಲ.

ಸಾಧಾರಣ ಕತ್ತಿನ ಮೂರನ್ನು ಅತ್ತಿಗೆ ತಾವೇ ಒಯ್ದರು. ಬೋಳುಕತ್ತಿನದನ್ನು ನನ್ನ ಕೈಗಿಟ್ಟರು. ನಿಮ್ಮ ತವರಿನದು, ನೀವೇ ಇಟ್ಟುಕೊಳ್ಳಿ ಎಂದೆ.

"ಬ್ಯಾಡಮ್ಮ. ನಿಮ್ಮನೇಲೇ ಇರ್ಲಿ. ನಮ್ಮನೇಲಿ ಒಸ್ತೊಡಕು ಬತ್ತದೆ."

ಈಗ ನುಗ್ಗೆಮರದ ಕೆಳಗೆ ಅದು ನನ್ನ ಗಂಡನ ಗಿರಿರಾಜಗಳ ಜೊತೆ ಕೆದಕಿಕೊಂಡಿದೆ. ಜುಟ್ಟು ಕೆಂಪಾಗಿದೆ. ಹುಂಜವೇ. ಬೆಳಿಗ್ಗೆ ಕೂಗಲು ಹೋಗಿ ಕೆಮ್ಮುತ್ತದೆ.

ಕಳೆದ ಭಾನುವಾರ ಶಿವಣ್ಣ, ಅತ್ತಿಗೆ ಬಂದಿದ್ದರು. ಶಿವಣ್ಣ ಕೈ ಹಿಂದೆ ಕಟ್ಟಿಕೊಂಡು ಹಿತ್ತಲಲ್ಲಿ ನಿಂತು ಹುಂಜವನ್ನು ಮೇಲಿಂದ ಕೆಳಗೆ ನೋಡಿದ. ತೊಡೆಯ ಹತ್ತಿರ ಅವನ ಕಣ್ಣು ಸ್ವಲ್ಪ ನಿಂತಿತು.

"ಅಪ್ಪನಂಗೇ ಬಂದವ್ನಲ್ಲ. ಎಂಗವ್ನೆ ಅಂತೀಯವ್ವ?"

ನಾನು ಅತ್ತಿಗೆಯ ಮುಖ ನೋಡಿದೆ. ಅತ್ತಿಗೆ ನನ್ನ ಮುಖ ನೋಡಿದರು.

"ಏನವ್ನೆ, ಕಡ್ಡಿಕಾಲ" ಎಂದರು ಅತ್ತಿಗೆ.

"ತಿಂದದ್ದು ಮೈಗೇ ಹತ್ತಲ್ಲ ಅಣ್ಣ" ಎಂದೆ ನಾನು. "ಸಾರಿಗೂ ಲಾಯಕ್ಕಿಲ್ಲ."

ಓದುಗರೇ, ಮಂಡ್ಯಕ್ಕೆ ಬಂದಾಗ ನಮ್ಮ ಮನೆಗೂ ಬನ್ನಿ, ಕಾಫಿ ಕುಡಿಯಿರಿ, ಹಿತ್ತಲು ನೋಡಿ. ಹುಂಜವನ್ನು ಮಾತ್ರ ದಯವಿಟ್ಟು ಹೊಗಳಬೇಡಿ.