ಏಳನೇ ಮಗ್ಗದ ಐವಿ

ಐವಿ ಶಾರ್ಪಲ್ಸ್ ಹದಿನೈದಕ್ಕೆ ಹತ್ತಿಗಿರಣಿ ಸೇರಿದಾಗ ಮೊದಲು ಕಲಿತದ್ದು ನೇಯ್ಗೆಯನ್ನಲ್ಲ, ತುಟಿಮಾತನ್ನು. ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿ ಇದ್ದೂ ಇಲ್ಲದ ಹಾಗೆ. ಹೆಂಗಸರು ಬಾಯಗಲಿಸಿ, ಸದ್ದೇ ಇಲ್ಲದೆ, ಶೆಡ್ಡಿನ ಆ ತುದಿಯವರ ಜೊತೆಗೂ ಹರಟುತ್ತಿದ್ದರು. ಯಾರ ಗಂಡ ಕುಡಿದು ಬಿದ್ದ, ಯಾರಿಗೆ ತಿಂಗಳು ನಿಂತಿತು, ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತು. ಎದುರು ಮಗ್ಗದ ಎನಿಡ್ ಜೊತೆ ಐವಿ ಇಪ್ಪತ್ತೈದು ವರ್ಷ ಹೀಗೇ ಮಾತಾಡಿದಳು.

ಗಿರಣಿ ಮುಚ್ಚಿತು. ಎನಿಡ್ ತೀರಿಕೊಂಡಳು, ಉಳಿದವರೂ ಒಬ್ಬೊಬ್ಬರಾಗಿ ಹೋದರು. ಮನೆಯಲ್ಲಿ ಐವಿಗೆ ಟೀವಿಯೊಂದೇ ಗತಿ. ಗಿರಣಿಯ ಒಂದು ಶೆಡ್ಡು ಮ್ಯೂಸಿಯಂ ಆಗಿ, ಶನಿವಾರ ಪ್ರವಾಸಿಗರೆದುರು ಏಳನೇ ಮಗ್ಗ ನಡೆಸಲು ಕರೆ ಬಂದಾಗ ಹೋದ ಜೀವ ಬಂದಂತಾಯಿತು. ಹನ್ನೊಂದು ವರ್ಷದಿಂದ ಅವಳು ಬದುಕುವುದೇ ಶನಿವಾರಕ್ಕಾಗಿ. ಮಗ್ಗ ಹೊರಟೊಡನೆ ಎದುರಿನ ಖಾಲಿ ಜಾಗಕ್ಕೆ ತುಟಿಯಲ್ಲೇ, "ಏನೇ ಎನಿಡ್, ಮಂಡಿನೋವು ಹೆಂಗಿದೆ?" ಅನ್ನುವಳು. ಮುದುಕಿ ಏನೋ ಅಗಿಯುತ್ತಿದ್ದಾಳೆ ಎಂದುಕೊಳ್ಳುವರು ನೋಡುವವರು. ಅಂದುಕೊಳ್ಳಲಿ, ತನ್ನ ಗಂಟೇನು ಹೋಯಿತು!

ಈ ಶನಿವಾರ ಆಫೀಸಿನ ಗಾಜಿನಾಚೆ ಮ್ಯೂಸಿಯಂ ಮ್ಯಾನೇಜರ್ ಗ್ಯಾರೆತ್ ಅಲ್ಲಿನ ಸಮಿತಿಯ ಹೆಂಗಸೊಬ್ಬಳೊಡನೆ ನಿಂತಿದ್ದ. ಐವಿ ನೋಡಬಾರದಿತ್ತು. ಆದರೆ ನೇಕಾರಳ ಕಣ್ಣು, ತುಟಿ ಆಡಿದ ಕಡೆಗೇ ಹೋಗುತ್ತದೆ.

"ಅವಳ ಕೈ ನಡುಗುತ್ತೆ ಕಣ್ರೀ. ಲಾಳಿ ಹಾರಿ ಯಾರಿಗಾದ್ರೂ ಬಡಿದ್ರೆ? ಈಸ್ಟರ್ ಆದ್ಮೇಲೆ ಬೇರೆಯವ್ರನ್ನ ಹಾಕೋಣ," ಅಂದಳು ಆಕೆ.

"ಸರಿ. ಆದ್ರೆ ಅವಳಿಗೆ ಹೇಳೋದು ಹೆಂಗೆ?" ಅಂದ ಗ್ಯಾರೆತ್.

ಐವಿ ಕೈ ನೋಡಿಕೊಂಡಳು. ನಡುಗುತ್ತಿತ್ತು, ಸುಳ್ಳಲ್ಲ. ಅದಕ್ಕೇ ಹೆಚ್ಚು ಅಳು ಬಂತು. ಮಗ್ಗ ನಿಲ್ಲಿಸಿ, ಹಿಂದೆ ಗಿರಣಿಗೆ ಬೇಸಗೆ ರಜೆ ಬಿಡುವ ಮುನ್ನ ಮಾಡುತ್ತಿದ್ದಂತೆ ಮೂಲೆಮೂಲೆಯ ಹತ್ತಿಧೂಳು ಗುಡಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿದಳು.

ಗ್ಯಾರೆತ್ ಟೀ ಹಿಡಿದು ಬಂದ, ಮುಖ ಹುಳ್ಳಗೆ. "ಐವಿ, ಒಂದ್ಮಾತು..."

"ನಾನೇ ಹೇಳ್ಬೇಕು ಅಂತಿದ್ದೆ ಕಣಪ್ಪ. ಮಂಡಿ ಮಾತು ಕೇಳ್ತಿಲ್ಲ. ಈಸ್ಟರ್ ಆದ್ಮೇಲೆ ಬರೋಕಾಗಲ್ಲ."

"ಅಯ್ಯೋ, ಹೌದಾ? ನೀವಿಲ್ದೆ ನಮಗೆ ಭಾಳ ಕಷ್ಟ," ಅಂದ. ಮುಖದಲ್ಲಿ ಮಾತ್ರ ತಲೆ ಮೇಲಿನ ಹೊರೆ ಇಳಿದ ನೆಮ್ಮದಿ.

ಐವಿ ಅವನನ್ನೇ ನೋಡುತ್ತ, ಬಾಯಗಲಿಸಿ, ಸದ್ದಿಲ್ಲದೆ ಏನೋ ಅಂದಳು.

"ಏನಂದ್ರಿ?"

"ಏನಿಲ್ಲ. ಟೀಗೆ ಸಕ್ಕರೆ ಜಾಸ್ತಿ ಬೇಕು ಅಂದೆ."

ಅವನು ಸಕ್ಕರೆ ತರಲು ಓಡಿದ. ಅವಳು ಅಂದದ್ದು ಬೇರೆ: "ಒಂದೇ ಒಂದ್ಸಲ, ಹೋಗ್ಬೇಡ ಅನ್ಬಾರ್ದಿತ್ತೇನೋ?" ಅದನ್ನು ಓದಬಲ್ಲವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.